ಮೊಳೆಯ ತೂಕ, ಊರಿನ ಲೆಕ್ಕ

1904ರ ಅಕ್ಟೋಬರ್ 11ರ ರಾತ್ರಿ ಕೆನಡಾದ ವಿನಿಪೆಗ್ ನಗರದಲ್ಲಿ ದೊಡ್ಡ ಬೆಂಕಿ ಬಿತ್ತು. ಬ್ಯಾನಟೈನ್ ರಸ್ತೆಯ ಒಂದು ಕಟ್ಟಡದಲ್ಲಿ ಹೊತ್ತಿಕೊಂಡದ್ದು ಮೇನ್ ಸ್ಟ್ರೀಟಿನ ಮೂಲೆಯಲ್ಲಿದ್ದ ಜೇಮ್ಸ್ ಹೆನ್ರಿ ಆ್ಯಶ್‌ಡೌನ್‌ನ ಹಾರ್ಡ್‌ವೇರ್ ಅಂಗಡಿಗೂ ಹಬ್ಬಿತು. ಊರಿಗೆ ಊರೇ ಬೀಗ, ಚಿಲಕ, ಒಲೆ, ಕೊಡಲಿ ಕೊಳ್ಳುತ್ತಿದ್ದ ಅಂಗಡಿ ಅದು. ಅಗ್ನಿಶಾಮಕ ದಳದವರು ಕೊಳವೆ ಹಿಡಿದು ನಿಂತರೆ ನೀರಿಗೆ ಒತ್ತಡವೇ ಸಾಲದು. ನಾಲ್ಕು ವರ್ಷದಿಂದ ಊರು ಕುಡಿಯುತ್ತಿದ್ದದ್ದು ಆಳದ ಚಿಲುಮೆ ಬಾವಿಯ ನೀರು. ಅದು ಬೆಂಕಿಗೆ ಏನೂ ಆಗುವಂತಿರಲಿಲ್ಲ. ಕೊನೆಗೆ ಹಳೆಯ ಪಂಪನ್ನು ಓಡಿಸಿ, ಅಸಿನಿಬೋಯಿನ್ ನದಿಯ ನೀರನ್ನು ಹಾಗೆಹಾಗೆಯೇ ಕುಡಿಯುವ ನೀರಿನ ಕೊಳವೆಗೆ ನುಗ್ಗಿಸಿದರು.

ಅಂಗಡಿ ಉಳಿಯಲಿಲ್ಲ. ಉಗ್ರಾಣ ಮಾತ್ರ ಅದೇ ರಸ್ತೆಯಲ್ಲಿ ಸ್ವಲ್ಪ ಆಚೆ ಇದ್ದದ್ದರಿಂದ ಉಳಿಯಿತು. ಆ್ಯಶ್‌ಡೌನ್‌ಗೆ ಆಗ ಅರುವತ್ತು ವರ್ಷ. ಆತ ತಡಮಾಡದೆ ಅದೇ ಮೂಲೆಯಲ್ಲಿ ಹೊಸ ಅಂಗಡಿ ಎಬ್ಬಿಸಿದ. ಆದರೆ ಅಂದು ಕೊಳವೆಗೆ ನುಗ್ಗಿದ ನೀರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಮನುಷ್ಯ ಆ ಮೂಲೆಗೆ ಬಂದದ್ದು ಹೇಗೆ ಎಂಬುದನ್ನು ನೋಡಬೇಕು.

ಆ್ಯಶ್‌ಡೌನ್ ಹುಟ್ಟಿದ್ದು 1844ರಲ್ಲಿ, ಲಂಡನ್ನಿನಲ್ಲಿ. ಎಂಟು ವರ್ಷದವನಿದ್ದಾಗ ಮನೆಯವರೆಲ್ಲ ಕೆನಡಾಕ್ಕೆ ವಲಸೆ ಬಂದರು. ಟೊರಾಂಟೊ ಬಳಿ ಅಪ್ಪ ಇಟ್ಟ ಅಂಗಡಿ ಮುಳುಗಿತು. ಶಾಲೆಗಿಂತ ಹೆಚ್ಚು ಹೊತ್ತನ್ನು ಹುಡುಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕಳೆದ. ಮುಂದೆ ತಗಡಿನ ಕೆಲಸ ಕಲಿಯಲು ಒಬ್ಬ ಕುಶಲಿಗನ ಕೈಕೆಳಗೆ ಮೂರು ವರ್ಷ ಸೇರಿಕೊಂಡ. ತಗಡು ಕತ್ತರಿಸುವುದು, ಅಂಚು ಮಡಿಸುವುದು, ಬೆಸುಗೆ ಹಾಕುವುದು, ಬಕೆಟ್ಟು, ಕೆಟಲು, ಒಲೆಯ ಹೊಗೆಕೊಳವೆ ಮಾಡುವುದು. ತಗಡಿನ ಕೆಲಸದಲ್ಲಿ ಅಳತೆ ತಪ್ಪಿದರೆ ತಪ್ಪಿದ್ದೇ, ಕತ್ತರಿಸಿದ ತಗಡನ್ನು ಮತ್ತೆ ಕೂಡಿಸಲು ಬರುವುದಿಲ್ಲ. ಆ ಕೈಗುಣ ಕೊನೆಯವರೆಗೂ ಅವನನ್ನು ಬಿಡಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಶಿಕಾಗೊ, ಕಾನ್ಸಸ್ ಅಂತ ಅಲೆದು, ಒಂದಿಷ್ಟು ದುಡ್ಡು ಕೂಡಿಸಿಕೊಂಡು 1868ರಲ್ಲಿ ಆತ ರೆಡ್ ರಿವರ್ ಕಣಿವೆಗೆ ಬಂದ. ರೆಡ್ ಮತ್ತು ಅಸಿನಿಬೋಯಿನ್ ನದಿಗಳು ಕೂಡುವ ಆ ಜಾಗದಲ್ಲಿ ಆಗ ಊರು ಎನ್ನುವಂಥದ್ದು ಏನೂ ಇರಲಿಲ್ಲ. ಹಡ್ಸನ್ಸ್ ಬೇ ಕಂಪನಿಯ ಕೋಟೆ ಅಪ್ಪರ್ ಫೋರ್ಟ್ ಗ್ಯಾರಿ, ಅದರಿಂದ ಅರ್ಧ ಮೈಲಿ ದೂರದಲ್ಲಿ ನಾಲ್ಕಾರು ಮರದ ಅಂಗಡಿಗಳು, ಮಿಕ್ಕಿದ್ದೆಲ್ಲ ಹುಲ್ಲು. ಆ ನೆಲದಲ್ಲಿ ಕ್ರೀ, ಒಜಿಬ್ವೆ ಜನರಿದ್ದರು. ಫ್ರೆಂಚ್, ಸ್ಕಾಟಿಷ್ ವ್ಯಾಪಾರಿಗಳಿಗೂ ಮೂಲನಿವಾಸಿ ಹೆಂಗಸರಿಗೂ ಹುಟ್ಟಿದ ಮೆಟಿ ಜನ ನದಿಯ ಉದ್ದಕ್ಕೂ ಉದ್ದನೆಯ ಪಟ್ಟಿ ಹೊಲಗಳನ್ನು ಮಾಡಿಕೊಂಡಿದ್ದರು. ‘ವಿನಿಪೆಗ್’ ಎಂಬುದೇ ಕ್ರೀ ಭಾಷೆಯ ಮಾತು, ಕದಡಿದ ನೀರು ಎಂದು ಅರ್ಥ. ಮಳೆ ಬಂದರೆ ಅಲ್ಲಿನ ಕೆಸರು ಗಾಡಿಯ ಚಕ್ರಕ್ಕೆ ಅಂಟಿನಂತೆ ಮೆತ್ತಿಕೊಳ್ಳುತ್ತಿತ್ತು. ಗಾಡಿಗಳು ಒಂದೇ ಜಾಡಿನಲ್ಲಿ ಹೂತುಹೋಗದಂತೆ ಅಗಲಗಲವಾಗಿ ಹರಡಿ ಸಾಗಿದ ದಾರಿಯೇ ಮುಂದೆ 132 ಅಡಿ ಅಗಲದ ಮೇನ್ ಸ್ಟ್ರೀಟ್ ಆಯಿತು.

ಆ ಗಾಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ರೆಡ್ ರಿವರ್ ಗಾಡಿ ಎಂದರೆ ಪೂರಾ ಮರದ್ದು. ಅದರಲ್ಲಿ ಒಂದೇ ಒಂದು ಕಬ್ಬಿಣದ ಮೊಳೆ ಇರುತ್ತಿರಲಿಲ್ಲ. ಕೀಲು ಕೂಡಿಸುವುದಕ್ಕೆ ಮರದ ಗೂಟ, ಬಿಗಿಯುವುದಕ್ಕೆ ಹಸಿ ತೊಗಲಿನ ಬಾರು. ಅಚ್ಚಿಗೆ ಎಣ್ಣೆ ಸವರಿದರೆ ಧೂಳು ಹಿಡಿದು ಸವೆಯುತ್ತದೆ ಎಂದು ಸವರುತ್ತಲೂ ಇರಲಿಲ್ಲ. ಹಾಗಾಗಿ ಅದರ ಕಿರ್ರೆನ್ನುವ ಕೂಗು ಮೈಲುಗಟ್ಟಲೆ ಕೇಳಿಸುತ್ತಿತ್ತು. ಅಮೆರಿಕದ ಸೇಂಟ್ ಪಾಲ್ ಕಡೆಯಿಂದ ಸರಕು ಬರುತ್ತಿದ್ದದ್ದು ಇಂಥ ಗಾಡಿಗಳಲ್ಲಿ, ಇಲ್ಲವೇ ನದಿಯ ಆವಿದೋಣಿಯಲ್ಲಿ. ಮೊಳೆಯೇ ಇಲ್ಲದ ಗಾಡಿಯಲ್ಲಿ ಮೊಳೆ ತರಿಸಿ ಮಾರುವ ವ್ಯಾಪಾರಕ್ಕೆ ಆ್ಯಶ್‌ಡೌನ್ ಇಳಿದ. 1869ರಲ್ಲಿ ಒಂದು ಸಣ್ಣ ತಗಡಿನ ಅಂಗಡಿಯನ್ನು ಕೊಂಡುಕೊಂಡು ತನ್ನ ಬೋರ್ಡು ಹಾಕಿದ.

ಅಂಗಡಿ ಕೂತು ವ್ಯಾಪಾರ ಹತ್ತುವ ಮೊದಲೇ ಆತ ಸೆರೆಮನೆ ಸೇರಿದ. ಹಡ್ಸನ್ಸ್ ಬೇ ಕಂಪನಿ ತನ್ನ ಕೈಯಲ್ಲಿದ್ದ ಇಡೀ ವಾಯವ್ಯ ಪ್ರಾಂತ್ಯವನ್ನು 3 ಲಕ್ಷ ಪೌಂಡಿಗೆ ಕೆನಡಾಕ್ಕೆ ಬಿಟ್ಟುಕೊಡಲು ಒಪ್ಪಿತ್ತು. ಅಲ್ಲಿ ಬದುಕುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಸರ್ವೆಯವರು ಸರಪಳಿ ಎಳೆಯಲು ಬಂದಾಗ ಮೆಟಿ ಜನ ಲೂಯಿ ರಿಯೆಲ್‌ನ ಮುಂದಾಳತ್ವದಲ್ಲಿ ಅಡ್ಡ ನಿಂತರು. 1869ರ ನವೆಂಬರಿನಲ್ಲಿ ಕೋಟೆಯೇ ಅವರ ಕೈಗೆ ಬಂತು. ಕೆನಡಾದ ಪರವಾಗಿದ್ದ ಹೊಸ ವಲಸಿಗರು ಡಾಕ್ಟರ್ ಶುಲ್ಟ್ಸ್ ಎಂಬವನ ಮನೆಯಲ್ಲಿ ಬಂದೂಕು ಹಿಡಿದು ಜಮಾಯಿಸಿದರು. ಅವರಲ್ಲಿ ಆ್ಯಶ್‌ಡೌನ್ ಕೂಡ ಒಬ್ಬ. ಡಿಸೆಂಬರ್ 7ರಂದು ಅವರೆಲ್ಲ ಶರಣಾಗಬೇಕಾಯಿತು. ಕೋಟೆಯ ಕೊರೆಯುವ ಕೋಣೆಯಲ್ಲಿ ಆತ ಎರಡು ತಿಂಗಳಿಗೂ ಹೆಚ್ಚು ಕಾಲ ಬಂದಿಯಾಗಿದ್ದ.

ಈ ಭಾಗವನ್ನು ವಿನಿಪೆಗ್‌ನ ವ್ಯಾಪಾರಿಗಳು ಬಹುಕಾಲ ತಮ್ಮ ತ್ಯಾಗದ ಕಥೆಯಾಗಿಯೇ ಹೇಳಿಕೊಂಡರು. ನಾನು ಹಾಗೆ ಓದಲಾರೆ. ರಿಯೆಲ್ ಕೇಳಿದ್ದರಲ್ಲಿ ಬಹುಪಾಲು ನ್ಯಾಯವಾದದ್ದೇ. 1870ರ ಜುಲೈ 15ರಂದು ಮ್ಯಾನಿಟೋಬಾ ಪ್ರಾಂತ್ಯ ಹುಟ್ಟಿದ್ದೂ ಆ ಹೋರಾಟದಿಂದಲೇ. ಮೆಟಿ ಮಕ್ಕಳಿಗೆಂದು ಕಾಯಿದೆಯಲ್ಲಿ 14 ಲಕ್ಷ ಎಕರೆ ನೆಲ ಎತ್ತಿಟ್ಟರು. ಹಂಚಿಕೆ ವರ್ಷಗಟ್ಟಲೆ ಎಳೆಯಿತು, ಕಾಗದಪತ್ರ ಒಂದಕ್ಕೊಂದು ತಾಳೆಯಾಗಲಿಲ್ಲ, ಹಕ್ಕುಪತ್ರಗಳು ಕಾಸಿಗೆ ಕಡೆಯಾಗಿ ನೆಲದ ದಳ್ಳಾಳಿಗಳ ಕೈ ಸೇರಿದವು. ಸೆರೆಯಿಂದ ಹೊರಬಂದ ತಗಡಿನ ಕೆಲಸಗಾರನಿಗೆ ಬೆಳೆಯಲು ಒಂದು ಊರೇ ಎದುರಿಗಿತ್ತು. ಅವನನ್ನು ಸೆರೆಯಲ್ಲಿಟ್ಟವರು ಅದೇ ಊರಿನಿಂದ ಗಂಟುಮೂಟೆ ಕಟ್ಟಿ ಇನ್ನೂ ಪಶ್ಚಿಮಕ್ಕೆ ಹೊರಟರು.

1871ರ ಜನಗಣತಿಯಲ್ಲಿ ವಿನಿಪೆಗ್‌ನ ಜನಸಂಖ್ಯೆ 241. ಒಂದು ದೊಡ್ಡ ಮದುವೆಗೆ ಸೇರುವಷ್ಟೂ ಅಲ್ಲ! ಆದರೂ ಮರುವರ್ಷವೇ ವ್ಯಾಪಾರಿಗಳು ತಮಗೆ ನಗರಸಭೆ ಬೇಕೆಂದು ಹಟ ಹಿಡಿದರು. ಆ ನಾಗರಿಕ ಸಮಿತಿಗೆ ಅಧ್ಯಕ್ಷ ಆ್ಯಶ್‌ಡೌನ್. ನಗರಸಭೆ ಬಂದರೆ ತೆರಿಗೆ ಹಾಕಬಹುದು, ಸಾಲ ಎತ್ತಬಹುದು, ರಸ್ತೆ ಮಾಡಬಹುದು. ಅಡ್ಡಬಂದದ್ದು ಊರಿನ ಅತಿ ದೊಡ್ಡ ಜಮೀನುದಾರ ಹಡ್ಸನ್ಸ್ ಬೇ ಕಂಪನಿ, ಏಕೆಂದರೆ ತೆರಿಗೆಯ ಬಹುಭಾಗ ಬೀಳುವುದು ಅದರ ತಲೆಗೇ. ಮಸೂದೆಯನ್ನು ಶಾಸನಸಭೆಯಲ್ಲಿ ತಿದ್ದಿ ತಿದ್ದಿ ಕೆಡಿಸಿದರು. ಕೊನೆಗೆ ಸ್ಪೀಕರ್ ಡಾ. ಕರ್ಟಿಸ್ ಬರ್ಡ್ ಅದು ನಿಯಮಕ್ಕೆ ಹೊರತಾದದ್ದು ಎಂದು ತಳ್ಳಿಹಾಕಿದ. 1873ರ ಮಾರ್ಚಿನ ಒಂದು ರಾತ್ರಿ ಯಾರೋ ಆ ಸ್ಪೀಕರನ್ನು ಹಿಮಗಾಡಿಯಿಂದ ಕೆಳಗೆಳೆದು ಮೈಮೇಲೆ ಬಿಸಿ ಡಾಂಬರು ಸುರಿದರು. ಮಾಡಿದವರು ಯಾರೆಂದು ಕೊನೆಗೂ ಸಾಬೀತಾಗಲಿಲ್ಲ. ಊರಿನ ಹುಟ್ಟಿಗೆ ಅಂಟಿಕೊಂಡ ಆ ಕಪ್ಪು ಸುಲಭವಾಗಿ ತೊಳೆದುಹೋಗುವಂಥದ್ದಲ್ಲ.

ಅದೇ ವರ್ಷ ನವೆಂಬರ್ 8ರಂದು ವಿನಿಪೆಗ್ ನಗರವಾಯಿತು. 1874ರ ಜನವರಿಯಲ್ಲಿ ಮೊದಲ ಚುನಾವಣೆ. ಮೇಯರ್ ಸ್ಥಾನಕ್ಕೆ ನಿಂತ ಫ್ರಾನ್ಸಿಸ್ ಕಾರ್ನಿಷ್‌ಗೆ 383, ಎದುರಾಳಿ ವಿಲಿಯಂ ಲಕ್ಸ್‌ಟನ್‌ಗೆ 179 ಮತ ಬಿದ್ದವು. ಬಿದ್ದ ಮತ ಮತದಾರರ ಸಂಖ್ಯೆಗಿಂತ ಹೆಚ್ಚು! ಆಸ್ತಿ ಇದ್ದವನು ಆಸ್ತಿ ಇರುವ ಪ್ರತಿ ವಾರ್ಡಿನಲ್ಲೂ ಮತ ಹಾಕಬಹುದಿತ್ತು, ಅದೇ ಕಾರಣ. ಆಸ್ತಿಯೇ ಇಲ್ಲದವನಿಗೆ ಮತವೇ ಇಲ್ಲ. ಆ್ಯಶ್‌ಡೌನ್ ಮೊದಲ ನಗರಸಭೆಯಲ್ಲೇ ಸದಸ್ಯನಾದ. ಈ ಮತಪಟ್ಟಿಯ ವಿಷಯ ಓದುಗರ ನೆನಪಿನಲ್ಲಿರಲಿ.

ಇನ್ನು ಮೊಳೆಯ ತೂಕದ ವಿಚಾರ. ಪ್ರೇರಿಯಲ್ಲಿ ನೆಲ ಅಗ್ಗ. 1872ರ ಕಾಯಿದೆಯಂತೆ 10 ಡಾಲರ್ ಕಟ್ಟಿದರೆ 160 ಎಕರೆ ಗುರುತು ಮಾಡಿಕೊಳ್ಳಬಹುದಿತ್ತು. ಆದರೆ ಬರೀ ನೆಲದಿಂದ ಮನೆಯಾಗುತ್ತದೆಯೆ? ಮರವಿಲ್ಲದ ಬಯಲು, ಮೈನಸ್ ಮೂವತ್ತರ ಚಳಿ. ರೈತ ಮೊದಲು ಕೊಳ್ಳುವುದು ಒಲೆ, ಆಮೇಲೆ ಹೊಗೆಕೊಳವೆ, ಕೊಡಲಿ, ಗರಗಸ, ಮೊಳೆ, ಕಿಟಕಿಗೆ ಗಾಜು, ಬಾಗಿಲಿಗೆ ಕೀಲು, ಕೊನೆಗೆ ಹೊಲದ ಸುತ್ತ ಮುಳ್ಳುತಂತಿ. ಇವೆಲ್ಲ ಹಾರ್ಡ್‌ವೇರ್ ಅಂಗಡಿಯ ಸರಕು. ಈ ಸರಕಿನ ಸಂಕಟವೆಂದರೆ ತೂಕ. ರೇಷ್ಮೆ ಬಟ್ಟೆಯ ವ್ಯಾಪಾರಿಗೆ ಸಾಗಣೆಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಮೊಳೆ ಮಾರುವವನಿಗೆ ಸಾಗಣೆ ದರವೇ ಬಾಳು. ಒಂದು ಪೀಪಾಯಿ ಮೊಳೆಗೆ ಕಾರ್ಖಾನೆಯಲ್ಲಿ ಏನು ಬೆಲೆ ಎನ್ನುವುದಕ್ಕಿಂತ ಅದು ಎಷ್ಟು ಮೈಲಿ ಬಂತು, ಯಾರ ಹಳಿಯ ಮೇಲೆ ಬಂತು, ಯಾವ ದರಕ್ಕೆ ಬಂತು ಎನ್ನುವುದೇ ಮುಖ್ಯ. ಆ್ಯಶ್‌ಡೌನ್‌ನ ರಾಜಕೀಯವೆಲ್ಲ ಈ ತಕ್ಕಡಿಯಿಂದಲೇ ಹುಟ್ಟಿದ್ದು ಎಂದರೆ ತಪ್ಪಿಲ್ಲ.

ಕೆನಡಿಯನ್ ಪೆಸಿಫಿಕ್ ರೈಲು ಮೊದಲ ನಕ್ಷೆಯ ಪ್ರಕಾರ ವಿನಿಪೆಗ್‌ಗೆ ಬರುವುದೇ ಇರಲಿಲ್ಲ. ಉತ್ತರದ ಸೆಲ್ಕರ್ಕ್‌ನಲ್ಲಿ ನದಿ ದಾಟುವುದಿತ್ತು. ವಿನಿಪೆಗ್‌ನ ವರ್ತಕರು ಸೆರಗೊಡ್ಡಿ ಬೇಡಿ ರೈಲನ್ನು ಬರಮಾಡಿಕೊಂಡರು. ಸೇತುವೆ ಕಟ್ಟಿಕೊಟ್ಟರು, ನಿಲ್ದಾಣಕ್ಕೆ ಜಾಗ ಕೊಟ್ಟರು, 2 ಲಕ್ಷ ಡಾಲರ್ ಕೊಟ್ಟರು. ಅದೂ ಸಾಲದೆಂದು ರೈಲು ಕಂಪನಿಯ ಆಸ್ತಿಗೆ ಶಾಶ್ವತವಾಗಿ ತೆರಿಗೆಯಿಂದ ವಿನಾಯಿತಿ ಬರೆದುಕೊಟ್ಟರು. ರೈಲು ಬರುವ ಸುದ್ದಿಗೆ 1881-82ರಲ್ಲಿ ನಿವೇಶನಗಳ ಬೆಲೆ ಹುಚ್ಚು ಹಿಡಿದಂತೆ ಏರಿ, 1882ರ ಬೇಸಗೆಯ ಹೊತ್ತಿಗೆ ಕುಸಿದು ಎಷ್ಟೋ ಜನ ಬೀದಿಗೆ ಬಿದ್ದರು. ಆ್ಯಶ್‌ಡೌನ್ ತಡೆದುಕೊಂಡ.

ಬಂದ ರೈಲು ಏಕಸ್ವಾಮ್ಯದ ರೈಲು. ದರ ಅದು ಹೇಳಿದ್ದೇ. ಈಗ ವರ್ತಕರ ಹೋರಾಟ ದಿಕ್ಕು ಬದಲಿಸಿತು. ಬೋರ್ಡ್ ಆಫ್ ಟ್ರೇಡ್‌ನಲ್ಲಿ ಆ್ಯಶ್‌ಡೌನ್ ಮತ್ತು ಅವನ ಜೊತೆಯವರು ಅಂಕಿಅಂಶ ಹಿಡಿದು ಕಂಪನಿಯ ಮುಂದೆ ಕೂತರು. 1886ರಲ್ಲಿ ವಿನಿಪೆಗ್‌ನಿಂದ ಪಶ್ಚಿಮಕ್ಕೆ ಹೋಗುವ ಸರಕಿಗೆ ಶೇ. 15ರ ರಿಯಾಯಿತಿ ಸಿಕ್ಕಿತು. ಕೇಳುವುದಕ್ಕೆ ಇದು ಸಣ್ಣ ಸಂಗತಿ, ಆದರೆ ಊರಿನ ಹಣೆಬರಹವನ್ನೇ ತಿದ್ದಿದ ಸಂಗತಿ. ಪೂರ್ವದಿಂದ ವ್ಯಾಗನ್‌ಗಟ್ಟಲೆ ತರಿಸಿ, ವಿನಿಪೆಗ್‌ನಲ್ಲಿ ಬಿಚ್ಚಿ, ಸಣ್ಣ ಸಣ್ಣ ಕಟ್ಟು ಮಾಡಿ ಪಶ್ಚಿಮದ ಊರೂರಿನ ಅಂಗಡಿಗೆ ಕಳಿಸುವ ಸಗಟು ವ್ಯಾಪಾರ ಇನ್ನು ವಿನಿಪೆಗ್‌ಗೇ ಮೀಸಲಾಯಿತು. ರಿಜೈನಾದ ವರ್ತಕರು ಇದು ಅನ್ಯಾಯವೆಂದು ಮುಂದೆ ರೈಲ್ವೆ ಆಯೋಗದ ಮೆಟ್ಟಿಲು ಹತ್ತಿದರು. ಅವರ ದೂರಿನಲ್ಲೂ ಹುರುಳಿತ್ತು. ಅಷ್ಟರಲ್ಲಿ ಮೇನ್ ಸ್ಟ್ರೀಟಿನ ಎರಡೂ ಮಗ್ಗುಲಿಗೆ ಕಲ್ಲು, ಇಟ್ಟಿಗೆ, ದಪ್ಪ ತೊಲೆಗಳ ದೊಡ್ಡ ದೊಡ್ಡ ಉಗ್ರಾಣಗಳು ಸಾಲುಗಟ್ಟಿ ನಿಂತಿದ್ದವು. ಆ್ಯಶ್‌ಡೌನ್‌ನ ಉಗ್ರಾಣ 1895ರಲ್ಲಿ ಏಳಲು ಶುರುವಾಗಿ 1911ರವರೆಗೂ ಬೆಳೆಯುತ್ತಲೇ ಹೋಯಿತು. ಕ್ಯಾಲ್ಗರಿ, ಸಾಸ್ಕಟೂನ್, ಎಡ್ಮಂಟನ್‌ಗಳಲ್ಲಿ ಶಾಖೆಗಳಾದವು. 1901ರಲ್ಲಿ 42,340 ಇದ್ದ ಊರು 1911ಕ್ಕೆ 1,36,035 ಆಗಿ ಕೆನಡಾದ ಮೂರನೆಯ ದೊಡ್ಡ ನಗರವೆನಿಸಿತು.

ಆ ಹೊಸ ಜನ ಇದ್ದದ್ದೆಲ್ಲಿ? ರೈಲು ಹಳಿಗಳ ಆಚೆ, ನಾರ್ತ್ ಎಂಡ್‌ನಲ್ಲಿ. ಉಕ್ರೇನಿಯನ್ನರು, ಪೋಲಿಷ್ ಜನ, ರಷ್ಯದಿಂದ ಓಡಿಬಂದ ಯಹೂದಿಗಳು, ಜರ್ಮನ್ನರು. ರೈಲ್ವೆ ಯಾರ್ಡಿನಲ್ಲಿ, ಕಟ್ಟಡದ ಕೆಲಸದಲ್ಲಿ, ಉಗ್ರಾಣಗಳಲ್ಲಿ ಮೂಟೆ ಹೊತ್ತು ದುಡಿದವರು ಅವರೇ. ಒಂದು ಮನೆಯಲ್ಲಿ ಎರಡು ಮೂರು ಸಂಸಾರ. ಬೀದಿಯಲ್ಲಿ ಕೊಳವೆ ಹಾದಿದ್ದರೂ ಮನೆಯೊಳಗೆ ನಲ್ಲಿ ಎಳೆಸಿಕೊಳ್ಳಲು ದುಡ್ಡಿಲ್ಲ, ಮನೆಯ ಮಾಲೀಕನಿಗೆ ಮನಸ್ಸಿಲ್ಲ. ಹಿತ್ತಲಿನಲ್ಲಿ ಪೆಟ್ಟಿಗೆ ಕಕ್ಕಸು, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ವಸಂತದಲ್ಲಿ ಕರಗಿ ಅಂಗಳಕ್ಕೆ ಹರಿಯುತ್ತಿತ್ತು.

ಅಕ್ಟೋಬರ್ 11ರ ಬೆಂಕಿ ಆರಿದ ಮೇಲೆ ವಾರಗಳು ಕಳೆದವು. ವಿಷಮಶೀತ ಜ್ವರ ಶುರುವಾಯಿತು. ಜ್ವರ ಆ ಊರಿಗೆ ಹೊಸದಲ್ಲ, ಆದರೆ ನದಿಯ ಕೊಳೆನೀರು ಕೊಳವೆಗೆ ಹೊಕ್ಕ ಮೇಲೆ ಅದು ಕೈಮೀರಿತು. 1904, 1905 ಈ ಎರಡೇ ವರ್ಷದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಜನ ಮಲಗಿದರು. ಅತಿ ಹೆಚ್ಚು ನರಳಿದ್ದು ನಾರ್ತ್ ಎಂಡ್. ನಗರದ ಆರೋಗ್ಯಾಧಿಕಾರಿ ಡಾ. ಎ. ಜೆ. ಡಗ್ಲಸ್ ಕೊಳಕು ಹಿತ್ತಲುಗಳ ಪಟ್ಟಿ ಹಿಡಿದು ಒಂದೇ ಸಮನೆ ಎಚ್ಚರಿಸುತ್ತಿದ್ದ. ಶಿಕಾಗೊದಿಂದ ಪ್ರೊಫೆಸರ್ ಎಡ್ವಿನ್ ಜೋರ್ಡನ್ ಬಂದು ಪರೀಕ್ಷೆ ಮಾಡಿದ.

ನಗರ ಸುಮ್ಮನೆ ಕೂರಲಿಲ್ಲ. ಆದರೆ ಅದು ಮೊದಲು ಕೈಹಾಕಿದ್ದು ಯಾವುದಕ್ಕೆ ಎಂಬುದನ್ನು ಗಮನಿಸಬೇಕು. ಬೆಂಕಿಯಾದ ಮೂರು ವರ್ಷದೊಳಗೆ, 1907ರ ಹೊತ್ತಿಗೆ, ಜೇಮ್ಸ್ ಅವೆನ್ಯೂನಲ್ಲಿ ಅಧಿಕ ಒತ್ತಡದ ಪಂಪ್‌ಹೌಸ್ ಎದ್ದಿತು. ರೆಡ್ ನದಿಯ ನೀರನ್ನು ಪ್ರತ್ಯೇಕ ಕೊಳವೆಯಲ್ಲಿ ವ್ಯಾಪಾರದ ಬೀದಿಗಳಿಗೆ ಒತ್ತುವ ಭಾರಿ ಯಂತ್ರಗಳು. ಇನ್ನು ಉಗ್ರಾಣಗಳು ಉರಿಯುವ ಭಯವಿಲ್ಲ, ವಿಮೆಯ ಕಂತಿನ ತಲೆನೋವೂ ಇಲ್ಲ. ಇಡೀ ಊರಿಗೆ ಸಾಲುವ ಶುದ್ಧ ಕುಡಿಯುವ ನೀರು ಮಾತ್ರ ಬಂದದ್ದು 1919ರಲ್ಲಿ, ಸುಮಾರು 150 ಕಿಲೋಮೀಟರ್ ದೂರದ ಶೋಲ್ ಲೇಕ್‌ನಿಂದ. ಉಗ್ರಾಣಕ್ಕೆ ಮೂರು ವರ್ಷ, ಊರಿಗೆ ಹದಿನೈದು. ಇದನ್ನು ಒಬ್ಬ ಮನುಷ್ಯನ ಕೇಡಿಗತನ ಎನ್ನಲಾಗದು. 1906ರಲ್ಲಿ ಲಕ್ಷ ಜನರಿದ್ದ ಊರಿನಲ್ಲಿ ನಗರಸಭೆಗೆ ಮತ ಹಾಕಬಲ್ಲವರು ಎಂಟು ಸಾವಿರಕ್ಕೂ ಕಡಿಮೆ. 1874ರ ಮತಪಟ್ಟಿ ದಪ್ಪವಾಗಿತ್ತೇ ಹೊರತು ಅದರ ಸ್ವಭಾವ ಬದಲಾಗಿರಲಿಲ್ಲ. ಪಟ್ಟಿಯಲ್ಲಿ ಇಲ್ಲದವನ ಬಾಯಾರಿಕೆ ಲೆಕ್ಕದ ಪುಸ್ತಕಕ್ಕೆ ಬರುವುದು ಹೇಗೆ?

ಅದೇ 1906ರ ಕೊನೆಗೆ ಆ್ಯಶ್‌ಡೌನ್ ಮೇಯರ್ ಆಗಿ ಆಯ್ಕೆಯಾದ. 1907, 1908 ಎರಡು ವರ್ಷ. ಅಂಗಡಿ ನಡೆಸಿದಂತೆ ಊರನ್ನೂ ನಡೆಸಬೇಕೆಂಬ ವ್ಯಾಪಾರಿಗಳ ಹಂಬಲಕ್ಕೆ ತಕ್ಕಂತೆ ಆ ವರ್ಷವೇ ಬೋರ್ಡ್ ಆಫ್ ಕಂಟ್ರೋಲ್ ಎಂಬ ಸಣ್ಣ ಕಾರ್ಯಮಂಡಳಿ ಜಾರಿಗೆ ಬಂತು. ಮೇಯರ್ ಕುರ್ಚಿಯಲ್ಲಿ ಕೂತವನ ಮುಂದೆ ಇದ್ದ ದೊಡ್ಡ ಕಡತ ವಿದ್ಯುತ್ತಿನದು. ಊರಿನ ಟ್ರಾಮು, ದೀಪ, ಎರಡೂ ಒಂದು ಖಾಸಗಿ ಕಂಪನಿಯ ಕೈಯಲ್ಲಿದ್ದವು. ಕರೆಂಟು ದುಬಾರಿ. ಜಾನ್ ಕಾಕ್‌ಬರ್ನ್ ಎಂಬ ನಗರಸಭಾ ಸದಸ್ಯ ವಿನಿಪೆಗ್ ನದಿಯ ಪಾಯಿಂಟ್ ಡು ಬಾ ಜಲಪಾತದ ಹಕ್ಕನ್ನು ತನ್ನ ಹೆಸರಿನಲ್ಲಿ ಪಡೆದು, ಲಾಭ ಮಾಡಿಕೊಳ್ಳದೆ ನಗರಕ್ಕೆ ಒಪ್ಪಿಸಿದ್ದ. ನಗರವೇ ವಿದ್ಯುತ್ ಕೇಂದ್ರ ಕಟ್ಟಲಿ ಎಂದು 1906ರಲ್ಲಿ ತೆರಿಗೆದಾರರು 32.5 ಲಕ್ಷ ಡಾಲರ್ ಖರ್ಚಿಗೆ ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟಿದ್ದರು.

ಆ್ಯಶ್‌ಡೌನ್ ಕೆಲಸ ಶುರುಮಾಡಲಿಲ್ಲ. ಕಾಕ್‌ಬರ್ನ್ ಕಡೆಯವರು ಕುದಿದುಹೋದರು. ಖಾಸಗಿ ಕಂಪನಿಗೆ ಅನುಕೂಲ ಮಾಡುತ್ತಿದ್ದಾನೆ ಎಂಬ ಗುಮಾನಿಯೂ ಹುಟ್ಟಿತು. ಮೇಯರ್ ನೋಡುತ್ತಿದ್ದದ್ದು ಖಾತೆ ಪುಸ್ತಕವನ್ನು. ನಗರ ಕಂಡಕಂಡದ್ದಕ್ಕೆಲ್ಲ ಬ್ಯಾಂಕಿನಿಂದ ಕೈಸಾಲ ಎತ್ತಿತ್ತು. 1907ರಲ್ಲಿ ನ್ಯೂಯಾರ್ಕಿನಲ್ಲಿ ಬ್ಯಾಂಕುಗಳು ಬಾಗಿಲು ಹಾಕಿಕೊಂಡಾಗ ಎಲ್ಲೆಲ್ಲೂ ಹಣಕ್ಕೆ ಬರ ಬಂತು. ಲಂಡನ್ನಿನ ಪೇಟೆಯಲ್ಲಿ ಕೆನಡಾದ ಊರುಗಳ ಸಾಲಪತ್ರ ಕೊಳ್ಳುವವರಿಲ್ಲ. ಇಂಥ ಹೊತ್ತಿನಲ್ಲಿ ಹೊಸ ಸಾಲ ಮೈಮೇಲೆ ಎಳೆದುಕೊಂಡರೆ ಹಳೆಯದೂ ತೀರದೆ ನಗರ ದಿವಾಳಿಯಾದೀತು ಎಂಬುದು ಅವನ ವಾದ. ಮೊದಲು ಹಳೆಯ ಸಾಲಕ್ಕೊಂದು ದಾರಿ, ಆಮೇಲೆ ಅಣೆಕಟ್ಟು. ಅಂಗಡಿ ಮುಳುಗಿಸಿಕೊಂಡ ಅಪ್ಪನ ಮಗ ಹಾಗೆ ಯೋಚಿಸಿದ್ದು ಸಹಜ. ಅವನ ಎಚ್ಚರಿಕೆಯಿಂದ ನಗರದ ಮರ್ಯಾದೆ ಉಳಿದದ್ದೂ ನಿಜ, ಕೆಲಸ ಹಿಂದೆ ಬಿದ್ದದ್ದೂ ನಿಜ. ಪಾಯಿಂಟ್ ಡು ಬಾ ಕೇಂದ್ರದಿಂದ ಕರೆಂಟು ಹರಿದದ್ದು 1911ರ ಅಕ್ಟೋಬರಿನಲ್ಲಿ. ಯುನಿಟ್ಟಿಗೆ 10 ಸೆಂಟ್ ಇದ್ದ ದರ ಮೂರು ಚಿಲ್ಲರೆ ಸೆಂಟಿಗೆ ಇಳಿಯಿತು. ಆ ಒಂದು ಇಳಿತ ನಾರ್ತ್ ಎಂಡ್‌ನ ಮನೆಗಳಿಗೂ ಬೆಳಕು ಕೊಟ್ಟಿತು. ತಡವಾದ ಪ್ರತಿ ವರ್ಷವೂ ಅವರ ಪಾಲಿಗೆ ಕತ್ತಲಿನ ವರ್ಷವೇ. ಆದ್ದರಿಂದ ಈ ವಿಷಯದಲ್ಲಿ ನಾನು ಕಾಕ್‌ಬರ್ನ್ ಕಡೆಗೇ ಸ್ವಲ್ಪ ವಾಲುತ್ತೇನೆ.

ಮೇಯರ್‌ಗಿರಿ ಮುಗಿದ ಮೇಲೆ ಆತ ವೆಲಿಂಗ್ಟನ್ ಕ್ರೆಸೆಂಟ್‌ನಲ್ಲಿ ಕಲ್ಲಿನ ದೊಡ್ಡ ಮನೆ ಕಟ್ಟಿಸಿದ. ಮೊದಲು ಇದ್ದದ್ದು ಪಾಯಿಂಟ್ ಡಗ್ಲಸ್‌ನಲ್ಲಿ, ರೈಲು ಹಳಿ ಆ ಬಡಾವಣೆಯನ್ನು ಸೀಳಿಕೊಂಡು ಹೋದ ಮೇಲೆ ಉಳ್ಳವರೆಲ್ಲ ಹೊಗೆ ಮಸಿಯಿಂದ ದೂರ, ನದಿಯ ಆಚೆಗೆ ಸರಿದರು. ಚರ್ಚು ಮಾತ್ರ ಊರ ನಡುವೆಯೇ. ಆ್ಯಶ್‌ಡೌನ್ ನಿಷ್ಠಾವಂತ ಮೆಥಡಿಸ್ಟ್. ವೆಸ್ಲಿ ಕಾಲೇಜನ್ನು ವರ್ಷಗಟ್ಟಲೆ ಕೈಹಿಡಿದು ನಡೆಸಿದವರಲ್ಲಿ ಮುಖ್ಯ, ಅದರ ಮಂಡಳಿಯ ಅಧ್ಯಕ್ಷ. ಅದೇ ಚರ್ಚಿನ ಪಾದ್ರಿ ಜೆ. ಎಸ್. ವುಡ್ಸ್‌ವರ್ತ್ ನಾರ್ತ್ ಎಂಡ್‌ನ ಆಲ್ ಪೀಪಲ್ಸ್ ಮಿಷನ್‌ನಲ್ಲಿ ವಲಸಿಗರ ಮಕ್ಕಳ ನಡುವೆ ದುಡಿಯುತ್ತಿದ್ದ. ಅದೇ ಕಾಲೇಜಿನ ಅಧ್ಯಾಪಕ ಸೇಲಂ ಬ್ಲ್ಯಾಂಡ್ ಕೂಲಿಯವನ ನ್ಯಾಯವೂ ದೇವರ ಕೆಲಸವೇ ಎಂದು ಬೋಧಿಸುತ್ತಿದ್ದ. 1917ರಲ್ಲಿ ಮಂಡಳಿ ಬ್ಲ್ಯಾಂಡ್‌ನನ್ನು ಕೆಲಸದಿಂದ ತೆಗೆಯಿತು. ಕೊಟ್ಟ ಕಾರಣ ಹಣದ ಅಭಾವ. ಕಾಲೇಜಿಗೆ ಅಭಾವ ಇದ್ದದ್ದು ಸುಳ್ಳಲ್ಲ. ಆದರೂ ನಾರ್ತ್ ಎಂಡ್‌ನಲ್ಲಿ ಆ ಕಾರಣವನ್ನು ನಂಬಿದವರು ಕಡಿಮೆ.

ಎರಡೇ ವರ್ಷಕ್ಕೆ, 1919ರ ಮೇ 15ರಂದು, ಸುಮಾರು 30,000 ಕೆಲಸಗಾರರು ಕೈಕೆಲಸ ಬಿಟ್ಟು ಬೀದಿಗಿಳಿದರು. ಕಬ್ಬಿಣದ ಕೆಲಸದವರು, ಕಟ್ಟಡದ ಕೆಲಸದವರು ಮೊದಲೇ ಹೊರಬಿದ್ದಿದ್ದರು. ಮೊಳೆ ಹೊಡೆಯುವ ಕೈ, ಬೆಸುಗೆ ಹಾಕುವ ಕೈ ಎಲ್ಲ ಒಂದಾದವು. ಜೂನ್ 21ರ ಶನಿವಾರ ಕುದುರೆ ಪೊಲೀಸರು ಮೇನ್ ಸ್ಟ್ರೀಟಿನಲ್ಲಿ ಗುಂಪಿನ ಮೇಲೆ ಗುಂಡು ಹಾರಿಸಿದರು, ಇಬ್ಬರು ಸತ್ತರು. ನಗರಸಭೆಯ ಎದುರಿನ ಆ ಜಾಗದಿಂದ ಆ್ಯಶ್‌ಡೌನ್‌ನ ಅಂಗಡಿಯ ಮೂಲೆ ಕೂಗಳತೆಯ ದೂರ. ಅವನಿಗೆ ಆಗ ಎಪ್ಪತ್ತೈದು. ತಾನೂ ಒಂದು ಕಾಲದಲ್ಲಿ ತಗಡು ಕತ್ತರಿಸುವ ಕೂಲಿಯಾಗಿದ್ದವನು.

1924ರ ಏಪ್ರಿಲ್ 5ರಂದು ಆತ ವಿನಿಪೆಗ್‌ನಲ್ಲೇ ತೀರಿಕೊಂಡ. ಬಂದಾಗ ನಾಲ್ಕಾರು ಮರದ ಅಂಗಡಿಗಳಿದ್ದ ಜಾಗ ಅದು.

ಬ್ಯಾನಟೈನ್ ರಸ್ತೆಯ ಅವನ ಉಗ್ರಾಣದಲ್ಲಿ ಈಗ ಜನ ವಾಸವಾಗಿದ್ದಾರೆ. ಮೊಳೆಯ ಪೀಪಾಯಿಗಳನ್ನು ಹೊತ್ತುಕೊಂಡಿದ್ದ ದಪ್ಪ ತೊಲೆಗಳ ಕೆಳಗೆ ಅಡುಗೆಮನೆ, ಮಲಗುವ ಕೋಣೆ. ಅಂಗಡಿಯೂ ತನ್ನ ಮೂಲೆಯಲ್ಲಿ ನಿಂತಿದೆ. ಇಡೀ ಪೇಟೆ 1997ರಿಂದ ರಾಷ್ಟ್ರೀಯ ಐತಿಹಾಸಿಕ ತಾಣ. ಅತ್ತ ಶೋಲ್ ಲೇಕ್‌ನ ದಂಡೆಯಲ್ಲಿ, ವಿನಿಪೆಗ್‌ಗೆ ನೀರು ಒಯ್ಯುವ ಕಾಲುವೆ ತೋಡಿದಾಗ ಭೂಮಿಯಿಂದ ಬೇರ್ಪಟ್ಟು ದ್ವೀಪದಂತಾದ ‘ಶೋಲ್ ಲೇಕ್ 40’ ಎಂಬ ಒಜಿಬ್ವೆ ಊರಿದೆ. ನಗರದ ನಲ್ಲಿಗಳಲ್ಲಿ ಅವರ ಕೆರೆಯ ನೀರು ನೂರು ವರ್ಷ ಹರಿದರೂ ಅವರು 1997ರಿಂದ ಕುದಿಸಿದ ನೀರು, ಬಾಟಲಿ ನೀರು ಕುಡಿದು ಬದುಕಿದರು. ಅವರ ಊರಿಗೆ ಎಲ್ಲ ಕಾಲಕ್ಕೂ ಓಡಾಡಬಹುದಾದ ರಸ್ತೆ ಆದದ್ದು 2019ರಲ್ಲಿ. ನೀರು ಶುದ್ಧೀಕರಿಸುವ ಘಟಕ ಬಂದದ್ದು 2021ರಲ್ಲಿ.